ಚುಕ್ಕೆ ಮೇಲೋ ಕೆಳಗೋ: ಸೂಕ್ಷ್ಮ ಸ್ವರಗಳನ್ನು ಬರೆದುಕೊಳ್ಳುವವರಿಗೊಂದು ಕೈಪಿಡಿ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಗಳ ಕನ್ನಡ ಮನೆಗಳಲ್ಲಿ ಸಂಗೀತದ ನೋಟ್‌ಬುಕ್ಕು ಒಂದೇ ಬಗೆಯದಾಗಿರುವುದು ಕಡಿಮೆ. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ, ಪ್ರವೇಶಿಕಾ ಪರೀಕ್ಷೆಗೆ ಕೂರುವ ಮಗಳು ಮರಾಠಿ ಪುಸ್ತಕ ನೋಡಿ ಬಂದಿಶ್ ಬರೆದುಕೊಂಡಿರುತ್ತಾಳೆ. ಊರಿನಿಂದ ಬಂದ ಅಜ್ಜಿ ಹೇಳಿಕೊಡುವ ಸರಳೆ, ಜಂಟಿವರಸೆ ಕರ್ನಾಟಕ ಪದ್ಧತಿಯವು. ಕೀಬೋರ್ಡ್ ಕ್ಲಾಸಿಗೆ ಹೋಗುವ ಮಗನ ಪುಸ್ತಕದಲ್ಲಿ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ. ಭಾನುವಾರ ಯಕ್ಷಗಾನದ ತರಬೇತಿ ಇದ್ದರೆ ಭಾಗವತರ 'ಕಪ್ಪು ಎರಡು', 'ಬಿಳಿ ನಾಲ್ಕು' ಕೂಡ ಮನೆಗೆ ಬಂದಿರುತ್ತದೆ.

ಇಷ್ಟು ಪದ್ಧತಿಗಳು ಒಟ್ಟಿಗಿರುವುದರಿಂದ ತೊಂದರೆಯೇನಿಲ್ಲ. ಒಂದರ ಚಿಹ್ನೆಯನ್ನು ಇನ್ನೊಂದರ ಕಣ್ಣಿನಿಂದ ಓದಿದಾಗ ಎಡವಟ್ಟಾಗುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕೂ ಉಂಟು. 'ಭೈರವದ ರಿಷಭ ಇನ್ನೂ ಸ್ವಲ್ಪ ಇಳಿಸು' ಎಂದು ಗುರುಗಳು ಹೇಳಿದ್ದನ್ನು ಹಾಳೆಯ ಮೇಲೆ ಬರೆಯುವುದು ಹೇಗೆ? ಹನ್ನೆರಡು ಮನೆಗಳ ಕೀಬೋರ್ಡಿನಲ್ಲಿ ಆ 'ಇನ್ನೂ ಸ್ವಲ್ಪ'ಕ್ಕೆ ಜಾಗವಿಲ್ಲ. ನಮ್ಮ ಸಾಮಾನ್ಯ ಸ್ವರಲಿಪಿಯಲ್ಲಿ ಅದಕ್ಕೆ ಚಿಹ್ನೆಯೂ ಇಲ್ಲ. ಕಲಿಯುವವರು, ಕಲಿಸುವವರು, ಮಕ್ಕಳನ್ನು ಕ್ಲಾಸಿಗೆ ಕಳಿಸುವ ತಂದೆತಾಯಿ ಎಲ್ಲರಿಗೂ ನೆರವಾಗುವಂತೆ ಈ ವಿಷಯವನ್ನು ಬುಡದಿಂದ ನೋಡೋಣ.

ಮೊದಲು ಷಡ್ಜ ಯಾವುದೆಂದು ಬರೆಯಿರಿ

ನಮ್ಮ ಸ್ವರಲಿಪಿಯಲ್ಲಿ ಎಲ್ಲ ಸ್ವರಗಳೂ 'ಸ'ಕ್ಕೆ ಸಂಬಂಧಿಸಿದವು. ಹಾಳೆಯ ಮೇಲೆ 'ಸ' ಎಲ್ಲಿದೆ ಎಂದು ಬರೆಯದಿದ್ದರೆ ಮಿಕ್ಕದ್ದೆಲ್ಲ ಅಂದಾಜು. ಇದನ್ನು ಹೇಳಲು ನಮ್ಮಲ್ಲಿ ಎರಡು ಬಗೆಯ ಎಣಿಕೆಗಳಿವೆ.

ಮರಾಠಿಯ ಹಿಂದುಸ್ತಾನಿ ಕ್ಲಾಸಿನಲ್ಲಿ ಕಾಳಿ, ಪಾಂಢರಿ ಎನ್ನುತ್ತಾರೆ. ನಮ್ಮ ಕರಾವಳಿಯ ಯಕ್ಷಗಾನದವರು ಅದನ್ನೇ ಕಪ್ಪು, ಬಿಳಿ ಎನ್ನುತ್ತಾರೆ. ಇಲ್ಲಿ ಪೇಟಿಯ ಬಿಳಿ ಪಟ್ಟಿಗಳನ್ನು ಬೇರೆ, ಕರಿ ಪಟ್ಟಿಗಳನ್ನು ಬೇರೆ ಎಣಿಸುತ್ತಾರೆ. ಕರ್ನಾಟಕ ಸಂಗೀತದವರು 'ಒಂದು ಮನೆ, ಒಂದೂವರೆ ಮನೆ' ಎಂದು ಎಲ್ಲವನ್ನೂ ಒಂದೇ ಸಾಲಿನಲ್ಲಿ ಎಣಿಸುತ್ತಾರೆ. ಬಿಳಿ ಪಟ್ಟಿಗಳ ಲೆಕ್ಕ ಎರಡರಲ್ಲೂ ಒಂದೇ: ಬಿಳಿ 4 ಎಂದರೆ ನಾಲ್ಕು ಮನೆ. ಕಪ್ಪಿನಲ್ಲಿ ಎಚ್ಚರ ಬೇಕು. ಕಪ್ಪು 1 ಒಂದೂವರೆ ಮನೆ, ಕಪ್ಪು 2 ಎರಡೂವರೆ. ಆದರೆ ಕಪ್ಪು 3 ಮೂರೂವರೆಯಲ್ಲ, ನಾಲ್ಕೂವರೆ. ಬಿಳಿ 3 ಮತ್ತು 4ರ ನಡುವೆ ಕಪ್ಪು ಪಟ್ಟಿಯೇ ಇಲ್ಲ. ಹಾಗಾಗಿ ಕಪ್ಪು 4 ಐದೂವರೆ, ಕಪ್ಪು 5 ಆರೂವರೆ. ಪಿಟೀಲಿನವರು 'ಐದೂವರೆ' ಎಂದಾಗ ಪೇಟಿಯವರು ಕಪ್ಪು 5ಕ್ಕೆ ಕೈಹಾಕಿದರೆ ಕಛೇರಿ ಎರಡು ಅರ್ಧಸ್ವರ ಮೇಲಕ್ಕೆ ಹೋಗುತ್ತದೆ. ಪಾಶ್ಚಾತ್ಯ ಹೆಸರನ್ನೂ ಜೊತೆಗೆ ಬರೆದುಬಿಟ್ಟರೆ ಜಗಳವೇ ಇರುವುದಿಲ್ಲ: ಸ = ಕಪ್ಪು 1 = ಒಂದೂವರೆ ಮನೆ = ಸಿ ಶಾರ್ಪ್.

ಒಂದೇ ಚುಕ್ಕೆಗೆ ನಾಲ್ಕು ಅರ್ಥ

ಹಿಂದುಸ್ತಾನಿ ಪುಸ್ತಕಗಳಲ್ಲಿ ಎರಡು ಪದ್ಧತಿಗಳು ಬಳಕೆಯಲ್ಲಿವೆ. ಒಂದು, ಮುಂಬೈಯ ವಾಲ್ಕೇಶ್ವರದಲ್ಲಿ ಹುಟ್ಟಿದ ಪಂಡಿತ ವಿಷ್ಣು ನಾರಾಯಣ ಭಾತಖಂಡೆ (1860–1936) ಅವರದು. ಇನ್ನೊಂದು, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ ಕುರುಂದವಾಡದ ಪಂಡಿತ ವಿಷ್ಣು ದಿಗಂಬರ ಪಲುಸ್ಕರ್ (1872–1931) ಅವರದು. ಪಲುಸ್ಕರರ ಪರಂಪರೆಯ ಮಂಡಳ 1931ರಲ್ಲಿ ಹುಟ್ಟಿತು. ಮಿರಜಿನಲ್ಲೂ ನಮ್ಮ ವಾಶಿಯಲ್ಲೂ ಅದರ ನೆಲೆಗಳಿವೆ. ಅಲ್ಲಿ ಪರೀಕ್ಷೆಗೆ ಓದುವವರು ಎರಡೂ ಪದ್ಧತಿಗಳನ್ನು ಗುರುತಿಸುವಂತಿರಬೇಕು.

ಭಾತಖಂಡೆ ಪದ್ಧತಿಯಲ್ಲಿ ಸ್ವರದ ಮೇಲೆ ಚುಕ್ಕೆ ಇದ್ದರೆ ತಾರ, ಕೆಳಗಿದ್ದರೆ ಮಂದ್ರ. ಕೋಮಲಕ್ಕೆ ಅಕ್ಷರದ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮಕ್ಕೆ ಮೇಲೊಂದು ನೆಟ್ಟಗೆರೆ. ಮೀಂಡಿಗೆ ಮೇಲೆ ಕಮಾನು, ಕಣಸ್ವರಕ್ಕೆ ಮೇಲ್ಮೂಲೆಯಲ್ಲಿ ಸಣ್ಣ ಅಕ್ಷರ. ಪಲುಸ್ಕರ್ ಪದ್ಧತಿಯಲ್ಲಿ ಮೇಲಿನ ಚುಕ್ಕೆ ಮಂದ್ರವನ್ನು ಸೂಚಿಸುತ್ತದೆ. ಮೇಲಿನ ನೆಟ್ಟಗೆರೆ ತಾರಕ್ಕೆ. ಅಂದರೆ ಒಂದೇ ಚುಕ್ಕೆಯನ್ನು ನೋಡಿ ಒಬ್ಬರು ಮೇಲಿನ ಸಪ್ತಕಕ್ಕೆ ಹೋದರೆ ಇನ್ನೊಬ್ಬರು ಕೆಳಗಿನ ಸಪ್ತಕಕ್ಕೆ ಇಳಿಯುತ್ತಾರೆ. ನಡುವೆ ಎರಡು ಸಪ್ತಕದ ಅಂತರ. ಒಬ್ಬರಿಗೆ ತೀವ್ರ ಮಧ್ಯಮವಾಗಿ ಕಾಣುವ ನೆಟ್ಟಗೆರೆ ಇನ್ನೊಬ್ಬರಿಗೆ ತಾರ ಮಧ್ಯಮ.

ಕರ್ನಾಟಕ ಪದ್ಧತಿಯ ಚುಕ್ಕೆ ಭಾತಖಂಡೆಯವರಂತೆಯೇ: ಮೇಲೆ ತಾರ, ಕೆಳಗೆ ಮಂದ್ರ. ಆದರೆ ಇಲ್ಲಿನ ಅಡ್ಡಗೆರೆ ಬೇರೆ ಜಾತಿಯದು. ಸ್ವರಗಳ ಮೇಲೆ ಎಳೆದ ಗೆರೆ ಕಾಲದ ಲೆಕ್ಕ. ಒಂದು ಗೆರೆಯೆಂದರೆ ವೇಗ ಇಮ್ಮಡಿ. ಕೋಮಲ, ಶುದ್ಧ ಎಂಬುದು ಚಿಹ್ನೆಯಲ್ಲಿಲ್ಲ, ಸಂಖ್ಯೆಯಲ್ಲಿದೆ: ರಿ1, ರಿ2, ಗ2, ಗ3. ಇನ್ನು ಪಾಶ್ಚಾತ್ಯ ಸ್ಟಾಫಿನಲ್ಲಿ ಸ್ವರದ ತಲೆಯ ಮೇಲೆ ಚುಕ್ಕೆ ಕಂಡರೆ ಅದನ್ನು ಚುಟುಕಾಗಿ ಕತ್ತರಿಸಿ ನುಡಿಸಬೇಕೆಂದರ್ಥ. 1555ರಲ್ಲಿ ಇಟಲಿಯ ನಿಕೊಲ ವಿಚೆಂತೀನೊ ಇದೇ ಚುಕ್ಕೆಯನ್ನು ಸ್ವರವನ್ನು ಅರ್ಧಸ್ವರಕ್ಕಿಂತಲೂ ಕಡಿಮೆ ಅಳತೆಯಲ್ಲಿ ಏರಿಸಲು ಬಳಸಿದ್ದ.

ಆದ್ದರಿಂದ ಮೊದಲ ನಿಯಮ ಇದು: ಹಾಳೆಯ ತಲೆಬರಹದಲ್ಲಿ ಪದ್ಧತಿಯ ಹೆಸರಿರಲಿ, ಬಳಸಿದ ಚಿಹ್ನೆಗಳ ಪಟ್ಟಿಯಿರಲಿ. ಝೆರಾಕ್ಸ್ ಆಗಿ ಕೈಯಿಂದ ಕೈಗೆ ಹೋಗುವ ಹಾಳೆಗಳಲ್ಲಿ ಮೊದಲು ಕಳೆದುಹೋಗುವುದು ಈ ಎರಡು ಸಾಲುಗಳೇ.

ಕೀಬೋರ್ಡಿನ ಗಾಂಧಾರ ಯಾಕೆ ಕೂಡುವುದಿಲ್ಲ

ತಂಬೂರಿ ಮೀಟಿ ಕಿವಿಗೊಟ್ಟು ಕೇಳಿದರೆ ಷಡ್ಜದ ತಂತಿಯಿಂದಲೇ ಗಾಂಧಾರ ಹೊಮ್ಮುವುದು ಕೇಳಿಸುತ್ತದೆ. ತಂತಿಯ ಐದನೆಯ ಉಪಸ್ವರ ಅದು. ಷಡ್ಜಕ್ಕೂ ಅದಕ್ಕೂ ಇರುವ ಅನುಪಾತ 5/4. ಪಂಚಮ 3/2, ಮಧ್ಯಮ 4/3. ಇವು ತಂತಿಯ ಸಹಜ ಲೆಕ್ಕ. ಕೀಬೋರ್ಡು ಮಾತ್ರ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತದೆ.

ಇವೆರಡರ ವ್ಯತ್ಯಾಸ ಅಳೆಯಲು ಸೆಂಟ್ ಎಂಬ ಮಾನವಿದೆ. ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ 1885ರಲ್ಲಿ ಬೇರೆಬೇರೆ ದೇಶಗಳ ಸ್ವರಶ್ರೇಣಿಗಳ ಬಗ್ಗೆ ಬರೆದಾಗ ಇದನ್ನು ಬಳಕೆಗೆ ತಂದ. ಒಂದು ಅರ್ಧಸ್ವರಕ್ಕೆ 100 ಸೆಂಟ್, ಸಪ್ತಕಕ್ಕೆ 1200. ಕೀಬೋರ್ಡಿನ ಶುದ್ಧ ಗಾಂಧಾರ ಷಡ್ಜದಿಂದ 400 ಸೆಂಟ್, ತಂಬೂರಿಯದು 386. ಕೀಬೋರ್ಡಿನದು 14 ಸೆಂಟ್ ಏರಿದೆ.

ಹದಿನಾಲ್ಕು ಸೆಂಟ್ ಯಾವ ಲೆಕ್ಕ ಎನ್ನುವವರು ಒಮ್ಮೆ ಕೇಳಿ ನೋಡಬೇಕು. ಗಂಡುದನಿಯ ಕಪ್ಪು 1ರ ಷಡ್ಜ ಸೆಕೆಂಡಿಗೆ 138.6 ಕಂಪನ. ಅದರ ಐದನೆಯ ಉಪಸ್ವರ ಸುಮಾರು 693. ಕೀಬೋರ್ಡಿನ ಗಾಂಧಾರ 174.6 ಕಂಪನ, ಅದರ ನಾಲ್ಕನೆಯ ಉಪಸ್ವರ ಸುಮಾರು 698.5. ಎರಡೂ ಒಟ್ಟಿಗೆ ನುಡಿದಾಗ ಸೆಕೆಂಡಿಗೆ ಐದಾರು ಬಾರಿ 'ವಂವಂವಂ' ಎಂಬ ಅಲುಗಾಟ ಕೇಳಿಸುತ್ತದೆ. ಹಾಡುವವರು ಗಂಟಲಿನಿಂದ ಗಾಂಧಾರವನ್ನು ತಂಬೂರಿಗೆ ಕೂಡಿಸಿದರೆ ಆ ಅಲುಗಾಟ ನಿಲ್ಲುತ್ತದೆ. ತಂಬೂರಿ ಒಂದು ಕಡೆ, ಪೇಟಿ ಇನ್ನೊಂದು ಕಡೆ ಎಳೆದರೆ ಮಗು ಪೇಟಿಯ ಹಿಂದೆ ಹೋಗುತ್ತದೆ, ಏಕೆಂದರೆ ಅದರ ಸದ್ದು ಜೋರು. ಪೇಟಿಯನ್ನು ಆಕಾಶವಾಣಿ 1940ರಿಂದ 1971ರವರೆಗೆ ಹೊರಗಿಟ್ಟಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಸ್ಥಿರ ಸ್ವರದ ದೂರೂ ಒಂದು.

ಠಾಣೆಯ ಇಪ್ಪತ್ತೆರಡು ಶ್ರುತಿಯ ಪೇಟಿ

ಭರತನ ನಾಟ್ಯಶಾಸ್ತ್ರ ಸಪ್ತಕದಲ್ಲಿ 22 ಶ್ರುತಿಗಳನ್ನು ಹೇಳುತ್ತದೆ: ಸ, ಮ, ಪಗಳಿಗೆ ನಾಲ್ಕು ನಾಲ್ಕು, ರಿ, ಧಗಳಿಗೆ ಮೂರು ಮೂರು, ಗ, ನಿಗಳಿಗೆ ಎರಡೆರಡು. ಇದನ್ನು ಕಂಪನಗಳ ಅನುಪಾತವಾಗಿ ಬರೆಯುವ ಪ್ರಯತ್ನಕ್ಕೆ ನಮ್ಮ ಭಾಗದಲ್ಲೇ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು 1910ರಲ್ಲಿ 22 ಶ್ರುತಿಗಳ ಬಗ್ಗೆ ಪುಸ್ತಕ ತಂದರು. ಮುಂಬೈ ಪ್ರಾಂತ್ಯದಲ್ಲಿ ನ್ಯಾಯಾಧೀಶರಾಗಿದ್ದ ಅರ್ನೆಸ್ಟ್ ಕ್ಲೆಮೆಂಟ್ಸ್ 1913ರಲ್ಲಿ ತಮ್ಮ ಪುಸ್ತಕ ಪ್ರಕಟಿಸಿದರು; ಶ್ರುತಿ ಹಾರ್ಮೋನಿಯಂ ಮಾಡಿಸಿದರು, ಸ್ಟಾಫ್ ಸ್ವರಲಿಪಿಗೆ ಶ್ರುತಿಯ ಚಿಹ್ನೆಗಳನ್ನೂ ಸೇರಿಸಿದರು. ಇವರ ಪ್ರಯೋಗಗಳಿಗೆ ಕಂಠ ಕೊಟ್ಟವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಧಾರವಾಡ, ಹುಬ್ಬಳ್ಳಿಯವರಿಗೆ ಅವರ ಪರಿಚಯ ಹೇಳಬೇಕಾಗಿಲ್ಲ. 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಶ್ರುತಿಯದೇ ದೊಡ್ಡ ಚರ್ಚೆ. ಭಾತಖಂಡೆಯವರು ಹನ್ನೆರಡು ಸ್ವರಗಳ ಲಿಪಿಯೇ ಸಾಕೆಂದು ನಡೆದರು. ಪಠ್ಯಪುಸ್ತಕಗಳಲ್ಲಿ ಉಳಿದದ್ದು ಅದೇ.

ದೇವಲ್, ಕ್ಲೆಮೆಂಟ್ಸರ ಶ್ರುತಿಯ ಕೆಲಸವನ್ನು ನಮ್ಮ ಕಾಲದಲ್ಲಿ ಮುಂದುವರಿಸಿದವರು ಠಾಣೆಯ ಡಾ. ವಿದ್ಯಾಧರ ಓಕ್. ವೃತ್ತಿಯಿಂದ ವೈದ್ಯರು, ಪೇಟಿಯಲ್ಲಿ ಪಂಡಿತ ಗೋವಿಂದರಾವ್ ಪಟವರ್ಧನರ ಶಿಷ್ಯರು. ಅವರ 22 ಶ್ರುತಿಯ ಹಾರ್ಮೋನಿಯಂನ ತತ್ತ್ವ ಸರಳ. ಸ ಮತ್ತು ಪ ಅಚಲ. ಮಿಕ್ಕ ಹತ್ತು ಪಟ್ಟಿಗಳಿಗೆ ಎರಡೆರಡು ಶ್ರುತಿ. ಯಾವುದು ಬೇಕೋ ಅದನ್ನು ಪಟ್ಟಿಯ ಬಳಿಯ ಗುಂಡಿ ಎಳೆದು ಆರಿಸಿಕೊಳ್ಳಬಹುದು. ಹತ್ತರ ಎರಡರಷ್ಟು ಇಪ್ಪತ್ತು, ಜೊತೆಗೆ ಎರಡು, ಒಟ್ಟು ಇಪ್ಪತ್ತೆರಡು. ರಾಗಕ್ಕೆ ತಕ್ಕಂತೆ ಮೊದಲೇ ಗುಂಡಿಗಳನ್ನು ಹೊಂದಿಸಿಕೊಂಡು ಕೂರಬಹುದು.

ಇಂದು ಹೆಚ್ಚು ಬಳಕೆಯಲ್ಲಿರುವ 22 ಶ್ರುತಿಗಳ ಪಟ್ಟಿಯನ್ನು ಕೀಬೋರ್ಡಿನ ಪಟ್ಟಿಗೆ ಹೋಲಿಸಿ ಕೆಳಗೆ ಕೊಟ್ಟಿದೆ. ಕೀಬೋರ್ಡಿನ ಸ್ವರಕ್ಕಿಂತ ಎಷ್ಟು ಸೆಂಟ್ ಇಳಿದಿದೆ (−), ಎಷ್ಟು ಏರಿದೆ (+) ಎಂಬ ಲೆಕ್ಕ ಇದು.

ಕೋಮಲ ರಿ: −10 ಅಥವಾ +12
ಶುದ್ಧ ರಿ: −18 ಅಥವಾ +4
ಕೋಮಲ ಗ: −6 ಅಥವಾ +16
ಶುದ್ಧ ಗ: −14 ಅಥವಾ +8
ಶುದ್ಧ ಮ: −2 ಅಥವಾ +20
ತೀವ್ರ ಮ: −10 ಅಥವಾ +12
ಪ: +2
ಕೋಮಲ ಧ: −8 ಅಥವಾ +14
ಶುದ್ಧ ಧ: −16 ಅಥವಾ +6
ಕೋಮಲ ನಿ: −4 ಅಥವಾ +18
ಶುದ್ಧ ನಿ: −12 ಅಥವಾ +10

ಪ್ರತಿ ಜೋಡಿಯ ನಡುವಿನ ಅಂತರ ಸುಮಾರು 22 ಸೆಂಟ್. ಅನುಪಾತದಲ್ಲಿ 81/80, ನಮ್ಮವರು ಇದನ್ನು ಪ್ರಮಾಣಶ್ರುತಿ ಎನ್ನುತ್ತಾರೆ, ಪಾಶ್ಚಾತ್ಯರು ಕಾಮಾ ಎನ್ನುತ್ತಾರೆ. ಈ ಪಟ್ಟಿ ಭರತನ ಕಾಲದ್ದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಭರತ ಅನುಪಾತ ಕೊಟ್ಟಿಲ್ಲ, ಎರಡು ವೀಣೆಗಳ ಶ್ರುತಿ ಹೋಲಿಸುವ ಪ್ರಯೋಗ ಹೇಳಿದ್ದಾನೆ. ಅನುಪಾತಗಳು ಈಚಿನ ವಿದ್ವಾಂಸರ ವ್ಯಾಖ್ಯಾನ. ಅದರಲ್ಲಿ ಭಿನ್ನಮತವೂ ಇದೆ. ಗುರುತು ಹಾಕಿಕೊಳ್ಳಲು ಒಂದು ಅಳತೆಗೋಲು ಎಂದು ಬಳಸಿದರೆ ಸಾಕು.

ವಿಜಯನಗರದಲ್ಲಿ ರಾಮಾಮಾತ್ಯ, ಇಟಲಿಯಲ್ಲಿ ಮೀನ್‌ಟೋನ್

ಒಂದೇ ಜಾಗದಲ್ಲಿ ಎರಡು ಸ್ವರ ಹೇಗೆ ಕೂರಿಸುವುದು ಎಂಬ ಪ್ರಶ್ನೆ ಹದಿನಾರನೆಯ ಶತಮಾನದಲ್ಲಿ ಎರಡು ಕಡೆ ಹೆಚ್ಚುಕಡಿಮೆ ಒಟ್ಟಿಗೇ ಬಂತು. ವಿಜಯನಗರದ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ ಸ್ವರಮೇಳಕಲಾನಿಧಿ ಬರೆದ. ವೀಣೆಯ ಒಂದೇ ಮೆಟ್ಟಿಲು ಹಲವು ತಂತಿಗಳ ಕೆಳಗೆ ಹಾದುಹೋಗುವುದರಿಂದ ಸ್ವಲ್ಪವೇ ಅಂತರವಿರುವ ಸ್ವರಗಳಿಗೆಲ್ಲ ಬೇರೆಬೇರೆ ಮೆಟ್ಟಿಲು ಹಾಕಲಾಗದು. ಹಾಗಾಗಿ ಅಂತರ ಗಾಂಧಾರದ ಕೆಲಸವನ್ನು ಅದರ ನೆರೆಯ ಚ್ಯುತಮಧ್ಯಮ ಗಾಂಧಾರದಿಂದಲೇ ನಡೆಸಬಹುದೆಂದು ಅವನು ತೀರ್ಮಾನಿಸಿದ.

ಇಟಲಿಯಲ್ಲಿ 1523ರಲ್ಲಿ ಪಿಯೆತ್ರೊ ಆರೊನ್ ಬರೆದಿಟ್ಟ ಶ್ರುತಿ ಹೊಂದಿಸುವ ಕ್ರಮವನ್ನು ಇಂದು ಕಾಲು ಕಾಮಾ ಮೀನ್‌ಟೋನ್ ಎನ್ನುತ್ತಾರೆ. ಲೆಕ್ಕ ಹೀಗೆ: ನಾಲ್ಕು ಶುದ್ಧ ಪಂಚಮಗಳನ್ನು ಒಂದರ ಮೇಲೊಂದು ಪೇರಿಸಿ ಸಪ್ತಕದೊಳಗೆ ಇಳಿಸಿಕೊಂಡರೆ ಸಿಗುವ ಗಾಂಧಾರ 408 ಸೆಂಟ್, ತಂಬೂರಿಯದಕ್ಕಿಂತ 22 ಸೆಂಟ್ ಏರು. ಆ ಹೆಚ್ಚನ್ನು ನಾಲ್ಕು ಪಂಚಮಗಳಿಗೆ ಹಂಚಿ, ಪ್ರತಿಯೊಂದರಿಂದ ಐದೂವರೆ ಸೆಂಟ್‌ನಷ್ಟು ಕಳೆದರೆ ಗಾಂಧಾರ 386ಕ್ಕೆ ಬಂದು ಕೂಡುತ್ತದೆ. ಪಂಚಮ 702ರ ಬದಲು 697 ಆಗುತ್ತದೆ.

ಈ ಶ್ರುತಿಯಲ್ಲಿ ಜಿ ಶಾರ್ಪ್ ಮತ್ತು ಎ ಫ್ಲಾಟ್ ಒಂದೇ ಸ್ವರವಲ್ಲ. ಸಿ ಷಡ್ಜವಾದರೆ ಮೊದಲನೆಯದು 773 ಸೆಂಟ್, ಎರಡನೆಯದು 814. ನಡುವೆ 41 ಸೆಂಟ್. ಹಾಗಾಗಿ ಮೀನ್‌ಟೋನ್ ಬರೆಯಲು ಹೊಸ ಚಿಹ್ನೆ ಬೇಡ. ಶಾರ್ಪ್, ಫ್ಲಾಟ್‌ಗಳನ್ನು ಸರಿಯಾಗಿ ಬರೆದರೆ ಅದೇ ಸೂಕ್ಷ್ಮ ಸ್ವರಲಿಪಿ. ಕರಿ ಪಟ್ಟಿಯನ್ನು ಹಿಂದುಮುಂದಾಗಿ ಎರಡು ತುಂಡು ಮಾಡಿ ಎರಡೂ ಸ್ವರ ಕೊಡುವ ಕೀಬೋರ್ಡುಗಳೂ ಇದ್ದವು. ವಿಚೆಂತೀನೊನ ವಾದ್ಯದಲ್ಲಿ ಸಪ್ತಕಕ್ಕೆ ಮೂವತ್ತಕ್ಕೂ ಹೆಚ್ಚು ಪಟ್ಟಿಗಳಿದ್ದವು. ಕರ್ನಾಟಕ ಸಂಗೀತದಲ್ಲಿ ಹನ್ನೆರಡು ಸ್ಥಾನಗಳಿಗೆ ಹದಿನಾರು ಹೆಸರು ಇರುವುದೂ ಇದೇ ಜಾಣತನ: ಒಂದೇ ಸ್ಥಾನ ಒಂದು ಮೇಳದಲ್ಲಿ ಚತುಶ್ರುತಿ ರಿಷಭ, ಇನ್ನೊಂದರಲ್ಲಿ ಶುದ್ಧ ಗಾಂಧಾರ. ಹೆಸರು ಬರೆಯುವಾಗ ಸ್ವರದ ಪಾತ್ರ ನೋಡಬೇಕು, ಪಟ್ಟಿಯನ್ನಲ್ಲ.

ಡಿಜಿಟಲ್ ಪಿಯಾನೊ ಇರುವ ಮನೆಯವರಿಗೆ ಒಂದು ಸೂಚನೆ. ಕೆಲವು ಮಾದರಿಗಳ ಮೆನುವಿನಲ್ಲಿ ಮೀನ್‌ಟೋನ್ ಎಂಬ ಆಯ್ಕೆ ಇರುತ್ತದೆ. ಅದರ ಜೊತೆಗೆ ಆಧಾರ ಸ್ವರವನ್ನೂ ಆರಿಸಬೇಕು. ಆಧಾರವನ್ನು ಸಿ ಮೇಲೆ ಬಿಟ್ಟು ಕಪ್ಪು 1ರಿಂದ ಹಾಡಲು ಹೊರಟರೆ ಗಾಂಧಾರ 386ರ ಬದಲು 427 ಸೆಂಟಿಗೆ ಹೋಗಿ ಕಿರುಚುತ್ತದೆ. ಆಧಾರ ಸರಿಯಿಟ್ಟರೂ ಪಂಚಮ ಇಳಿದೇ ಇರುತ್ತದೆ. ಮೇಳ ಬದಲಿಸುತ್ತ ಹೋಗುವ ಪಾಶ್ಚಾತ್ಯ ಸಂಗೀತಕ್ಕೆ ಈ ರಾಜಿ ಸರಿ. ಷಡ್ಜ-ಪಂಚಮ ಕದಲದ ನಮ್ಮ ಸಂಗೀತಕ್ಕೆ ಸಲ್ಲದು. ನಿಮ್ಮ ಕೀಬೋರ್ಡಿನಲ್ಲಿ ಹನ್ನೆರಡು ಸ್ವರಗಳನ್ನೂ ಪ್ರತ್ಯೇಕ ಹೊಂದಿಸುವ ಸೌಲಭ್ಯವಿದ್ದರೆ ಮೇಲಿನ ಪಟ್ಟಿಯ ಅಂಕಿಗಳನ್ನೇ ತುಂಬಿ.

ಬರೆಯುವ ಕ್ರಮ

1. ತಲೆಬರಹ. ರಾಗ, ತಾಳ, ಷಡ್ಜ, ಪದ್ಧತಿ, ಚಿಹ್ನೆಗಳ ಅರ್ಥ, ಯಾರಿಂದ ಕಲಿತದ್ದು ಅಥವಾ ಯಾವ ಧ್ವನಿಮುದ್ರಿಕೆಯಿಂದ ಬರೆದದ್ದು.

2. ಮೊದಲು ಸಾಮಾನ್ಯ ಸ್ವರಲಿಪಿಯಲ್ಲೇ ಪೂರ್ತಿ ಬರೆಯಿರಿ. ಸೂಕ್ಷ್ಮದ ಗುರುತನ್ನು ಎರಡನೆಯ ಸುತ್ತಿನಲ್ಲಿ ಬೇರೆ ಬಣ್ಣದ ಪೆನ್ನಿನಿಂದ ಹಾಕಿ.

3. ರಾಗದ ಮುಖ ಬದಲಿಸುವ ಸ್ವರಕ್ಕೆ ಮಾತ್ರ ಗುರುತಿರಲಿ. ಭೂಪ ಮತ್ತು ದೇಶಕಾರದ ಆರೋಹ ಅವರೋಹಗಳ ಸ್ವರಗಳು ಒಂದೇ. ದೇಶಕಾರದ ಧೈವತ ಕೂದಲೆಳೆ ಏರಿರಬೇಕೆಂದು ಕಲಿಸುವ ಗುರುಗಳಿದ್ದಾರೆ. ಅಂಥ ಕಡೆ ಭೂಪಕ್ಕೆ 'ಧ−', ದೇಶಕಾರಕ್ಕೆ 'ಧ+' ಎಂದು ಮೇಲ್ಮೂಲೆಯಲ್ಲಿ ಬರೆದರೆ ಸಾಕು. ಎಲ್ಲ ಸ್ವರಗಳಿಗೂ ಗುರುತು ಹಾಕಿದ ಹಾಳೆಯನ್ನು ಹಾಡುವಾಗ ಯಾರೂ ಓದಲಾರರು.

4. ಅಳೆದಿದ್ದರೆ ಮಾತ್ರ ಅಂಕಿ ಬರೆಯಿರಿ. 'ಗ −14' ಎಂದರೆ ಕೀಬೋರ್ಡಿನ ಗಾಂಧಾರಕ್ಕಿಂತ 14 ಸೆಂಟ್ ಇಳಿಕೆ ಎಂದು ತಲೆಬರಹದಲ್ಲಿ ಹೇಳಿರಬೇಕು. ಪಾಶ್ಚಾತ್ಯ ಸೂಕ್ಷ್ಮ ಸ್ವರಲಿಪಿಯಲ್ಲಿ ಶಾರ್ಪ್, ಫ್ಲಾಟ್ ಚಿಹ್ನೆಗೆ ಅಂಟಿದ ಬಾಣ ಒಂದು ಕಾಮಾದಷ್ಟು ಏರಿಳಿತ ಸೂಚಿಸುವುದುಂಟು. ಅಲ್ಲಿ ಲೆಕ್ಕ ಶುರುವಾಗುವುದು 408ರಿಂದ, 400ರಿಂದಲ್ಲ. ಎರಡೂ ಮುಟ್ಟುವುದು 386ನ್ನೇ, ಆದರೆ ಒಂದರಲ್ಲಿ −22, ಇನ್ನೊಂದರಲ್ಲಿ −14.

5. ಶ್ರುತಿ ಪುಸ್ತಕಗಳ ಸಂಖ್ಯೆಯನ್ನೂ ಕರ್ನಾಟಕ ಪದ್ಧತಿಯ ಸಂಖ್ಯೆಯನ್ನೂ ಬೆರೆಸಬೇಡಿ. ಅಲ್ಲಿ ಗ1, ಗ2 ಎಂದರೆ ಕೋಮಲ ಗಾಂಧಾರದ ಎರಡು ಶ್ರುತಿಗಳಿರಬಹುದು. ಕರ್ನಾಟಕ ಪದ್ಧತಿಯಲ್ಲಿ ಗ1 ಶುದ್ಧ ಗಾಂಧಾರ, ಗ2 ಸಾಧಾರಣ ಗಾಂಧಾರ. ಶ್ರುತಿಗೆ + − ಇಟ್ಟುಕೊಂಡು ಸಂಖ್ಯೆಯನ್ನು ಸ್ವರಸ್ಥಾನಕ್ಕೆ ಮೀಸಲಿಟ್ಟರೆ ಗೊಂದಲವಿಲ್ಲ.

ಕನ್ನಡ ಅಕ್ಷರದ ಫಜೀತಿ

ಹಿಂದುಸ್ತಾನಿ ಚಿಹ್ನೆಗಳು ದೇವನಾಗರಿಗಾಗಿ ಮಾಡಿದವು. ಕನ್ನಡಕ್ಕೆ ತರುವಾಗ ಎರಡು ಕಡೆ ಕೈಕೊಡುತ್ತವೆ. ಪಲುಸ್ಕರ್ ಪದ್ಧತಿಯ ಕೋಮಲ ಚಿಹ್ನೆ ಅಕ್ಷರದ ಕೆಳಗಿನ ಹಲಂತದಂತಿದೆ. ಕನ್ನಡದಲ್ಲಿ ಅದನ್ನೇ ಹಾಕಹೋದರೆ 'ಗ' ಹೋಗಿ 'ಗ್' ಆಗುತ್ತದೆ. ಓದುವವರು ಕೋಮಲ ಗಾಂಧಾರವೆಂದುಕೊಳ್ಳದೆ ಅರ್ಧಾಕ್ಷರವೆಂದುಕೊಳ್ಳುತ್ತಾರೆ. ಎರಡನೆಯದು ಧೈವತ. ಹಿಂದುಸ್ತಾನಿಯವರು 'ಧ' ಬರೆಯುತ್ತಾರೆ, ಕರ್ನಾಟಕದವರು 'ದ'. 'ಧ'ದ ಹೊಟ್ಟೆಯ ಕೆಳಗೆ ಮಹಾಪ್ರಾಣದ ಸೀಳು ಮೊದಲೇ ಇದೆ. ಅದರ ಕೆಳಗೆ ಕೋಮಲದ ಗೆರೆ, ಅದರ ಕೆಳಗೆ ಮಂದ್ರದ ಚುಕ್ಕೆ ಬಂದರೆ ಮೂರೂ ಅಂಟಿಕೊಂಡು ಮಸಿಯ ಬೊಟ್ಟಾಗುತ್ತದೆ. ಕೈಬರಹದಲ್ಲಿ ಅಕ್ಷರ ಮತ್ತು ಗೆರೆಯ ನಡುವೆ ಜಾಗ ಬಿಟ್ಟು, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಬರೆಯಿರಿ. ಇಲ್ಲವೇ 'ದ' ಎಂದೇ ಬರೆಯುವುದೆಂದು ಹಾಳೆಯ ತಲೆಯಲ್ಲಿ ಹೇಳಿಬಿಡಿ.

ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಕ್ಕೆ ಮೇಲೆ ಕೆಳಗೆ ಚುಕ್ಕೆ ಸೇರಿಸಿದರೆ ಎಲ್ಲ ಫಾಂಟುಗಳಲ್ಲೂ ಸರಿಯಾಗಿ ಕೂರುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ ಗೆರೆ ಇನ್ನೊಬ್ಬರ ಫೋನಿನಲ್ಲಿ ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ. ಅಲ್ಲಿ ಕರ್ನಾಟಕ ಪದ್ಧತಿಯ ಸಂಖ್ಯೆಗಳೇ ಗಟ್ಟಿ: ಸ ರಿ1 ಗ3 ಮ1 ಪ ದ1 ನಿ3 ಎಂದು ಟೈಪ್ ಮಾಡಿದರೆ ಮಾಯಾಮಾಳವಗೌಳವೆಂದು ಚೆನ್ನೈಯವರಿಗೂ ತಿಳಿಯುತ್ತದೆ, ಭೈರವ ಥಾಟೆಂದು ಕಲ್ಯಾಣದವರಿಗೂ ತಿಳಿಯುತ್ತದೆ. ಮುಖ್ಯವಾದ ಪಾಠವಾದರೆ ಕೈಯಲ್ಲಿ ಬರೆದು ಫೋಟೊ ಕಳಿಸುವುದೇ ಲೇಸು.

ಅಳೆಯುವುದು ಹೇಗೆ

ಫೋನಿನ ಉಚಿತ ಟ್ಯೂನರ್ ಆಪ್ ಸಾಕು. ಅದು ತೋರಿಸುವುದು ತನ್ನದೇ ಸ್ಥಿರ ಸ್ವರಗಳಿಂದ ಇರುವ ದೂರವನ್ನು, ನಿಮ್ಮ ಷಡ್ಜದಿಂದಲ್ಲ. ಆದ್ದರಿಂದ ಮೊದಲು ತಂಬೂರಿಯ ಷಡ್ಜ ಅಳೆಯಿರಿ. ಅದು +12 ತೋರಿಸಿತೆನ್ನಿ. ಆಮೇಲೆ ಗಾಂಧಾರ −2 ತೋರಿಸಿದರೆ ನಿಜವಾದ ಲೆಕ್ಕ −2ರಿಂದ 12 ಕಳೆದು −14. ಈ ಕಳೆಯುವಿಕೆ ಮರೆತರೆ ಅಳತೆಯೆಲ್ಲ ಸುಳ್ಳಾಗುತ್ತದೆ. ಅಳೆಯುವಾಗ ಎಲೆಕ್ಟ್ರಾನಿಕ್ ತಂಬೂರಿಯನ್ನು ಇಯರ್‌ಫೋನಿನಲ್ಲಿ ಕೇಳಿ; ಹೊರಗೆ ನುಡಿಯುತ್ತಿದ್ದರೆ ಆಪ್ ಗಂಟಲನ್ನು ಬಿಟ್ಟು ಅದನ್ನೇ ಅಳೆಯುತ್ತದೆ.

ಆಪ್ ಕೈಯಲ್ಲಿಲ್ಲದಿದ್ದರೆ ಹಳೆಯ ದಾರಿಯಿದೆ. ಹದಿನೇಳನೆಯ ಶತಮಾನದ ಅಹೋಬಲ ತಂತಿಯ ಉದ್ದದಿಂದ ಸ್ವರ ಗುರುತಿಸಿದ. 36 ಇಂಚಿನ ತಂತಿ ಷಡ್ಜವಾದರೆ 27 ಇಂಚಿಗೆ ಮಧ್ಯಮ, 24ಕ್ಕೆ ಪಂಚಮ, 18ಕ್ಕೆ ತಾರ ಷಡ್ಜ. ಗಾಂಧಾರ 28.8 ಇಂಚಿಗಿಟ್ಟರೆ ತಂಬೂರಿಯದು, 28.44ಕ್ಕಿಟ್ಟರೆ ಒಂದು ಪ್ರಮಾಣಶ್ರುತಿ ಏರಿದ್ದು. ಹೈಸ್ಕೂಲಿನ ಮಕ್ಕಳಿಗೆ ಸೋನೋಮೀಟರಿನ ಮೇಲೆ ಇದನ್ನು ತೋರಿಸಬಹುದು. ಭೌತವಿಜ್ಞಾನದ ಪಾಠವೂ ಆಯಿತು. ಸ್ಟಾಫ್ ಸ್ವರಲಿಪಿಯಲ್ಲಿ ಬರೆಯುವವರು ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದು ಸ್ವರಕ್ಕೂ ಸೆಂಟ್ ಲೆಕ್ಕ ಕೊಟ್ಟು ಕೇಳಿ ನೋಡಬಹುದು.

ಬರೆಯಲಾಗದ್ದನ್ನು ಬರೆಯಹೋಗಬೇಡಿ

ನಜೀರ್ ಜೈರಾಜ್‌ಭಾಯ್ ಮತ್ತು ಸ್ಟೋನ್ 1963ರಲ್ಲಿ ಹಿಂದುಸ್ತಾನಿ ಕಲಾವಿದರ ಸ್ವರಗಳನ್ನು ಯಂತ್ರದಿಂದ ಅಳೆದು ಪ್ರಕಟಿಸಿದರು. ಕಲಾವಿದನಿಂದ ಕಲಾವಿದನಿಗೆ ಮಾತ್ರವಲ್ಲ, ಒಬ್ಬನದೇ ಹಾಡಿಕೆಯೊಳಗೂ ಸ್ವರ ಅತ್ತಿತ್ತ ಸರಿಯುವುದು ಕಂಡಿತು. ದರಬಾರಿಯ ಗಾಂಧಾರ ಒಂದು ಬಿಂದುವಲ್ಲ, ಆಂದೋಲನ. ಅದಕ್ಕೆ ಒಂದು ಅಂಕಿ ಬರೆಯುವುದಕ್ಕಿಂತ ಅಲೆಗೆರೆ ಎಳೆದು, ಎಲ್ಲಿಂದ ಎಲ್ಲಿಯವರೆಗೆ ತೂಗುತ್ತದೆ ಎಂದು ಎರಡು ತುದಿಯ ಸ್ವರ ಬರೆಯುವುದು ಸರಿ. ಕರ್ನಾಟಕ ಸಂಗೀತದಲ್ಲಿ ಗೌಳದ ರಿಷಭ, ಬೇಗಡೆಯ ಮಧ್ಯಮ, ವರಾಳಿಯ ಮಧ್ಯಮ ಇದೇ ಜಾತಿಯವು. ರಾಗದ ಹೆಸರೇ ಅವುಗಳ ವಿಳಾಸ. ಎಟ್ಟಯಪುರದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಸಂಗೀತ ಸಂಪ್ರದಾಯ ಪ್ರದರ್ಶಿನಿ ಅಚ್ಚು ಹಾಕಿಸಿದಾಗ ಶ್ರುತಿಯ ಸಂಖ್ಯೆಗಳ ಬದಲು ಗಮಕಗಳಿಗೆ ಚಿಹ್ನೆ ಮಾಡಿಸಿದರು. ಭಾತಖಂಡೆ ಎಟ್ಟಯಪುರಕ್ಕೆ ಹೋಗಿ ದೀಕ್ಷಿತರನ್ನು ಕಂಡವರು. ಬರಹವನ್ನು ಬಲ್ಲ ಈ ಇಬ್ಬರೂ ಪಾಠವನ್ನು ಬರಹಕ್ಕಷ್ಟೇ ಬಿಡಲಿಲ್ಲ.

ಕಿವಿ ತಿದ್ದಿಕೊಳ್ಳಲು ನಮ್ಮ ಸುತ್ತಲೇ ಅವಕಾಶಗಳಿವೆ. ಕಲ್ಯಾಣ ಗಾಯನ ಸಮಾಜ ನಡೆಸುವ ದೇವಗಂಧರ್ವ ಮಹೋತ್ಸವ ಭಾಸ್ಕರಬುವಾ ಬಖಲೆಯವರ ನೆನಪಿನದು. ಬುವಾ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದವರು. ಇಂಥ ಕಛೇರಿಗೆ ಹೋದಾಗ ಒಂದೇ ರಾಗದ ಒಂದೇ ಸ್ವರವನ್ನು ಹಿಡಿದುಕೊಂಡು ಕೂರಿ. ಪೇಟಿಯವರು ಆ ಸ್ವರ ಬಂದಾಗ ಪಟ್ಟಿಯನ್ನು ಒತ್ತುತ್ತಾರೋ ತಪ್ಪಿಸುತ್ತಾರೋ ಗಮನಿಸಿ. ಅನುಭವಸ್ಥರು ತಪ್ಪಿಸುವುದನ್ನು ನೋಡಿದರೆ ಆ ಸ್ವರ ಹನ್ನೆರಡರಲ್ಲಿ ಇಲ್ಲವೆಂದು ಗೊತ್ತಾಗುತ್ತದೆ.

ಕಲಿಸುವವರಲ್ಲಿ ಒಂದು ಕೋರಿಕೆ. ಮುಂದಿನ ಪಾಠದ ಹಾಳೆ ಹಂಚುವಾಗ ಮೇಲ್ಭಾಗದಲ್ಲಿ ಷಡ್ಜ, ಪದ್ಧತಿ, ಚಿಹ್ನೆಗಳ ಅರ್ಥ ಈ ಮೂರನ್ನು ಬರೆದು ಕೊಡಿ. ಮೂರು ಸಾಲಿನ ಕೆಲಸ. ಅವಿದ್ದರೆ ನಿಮ್ಮ ಹಾಳೆಯನ್ನು ಡೊಂಬಿವಲಿಯಲ್ಲೂ ಓದಬಹುದು, ಧಾರವಾಡದಲ್ಲೂ ಓದಬಹುದು, ಇಪ್ಪತ್ತು ವರ್ಷ ಕಳೆದರೂ ಓದಬಹುದು.